ಎಡಗಾಲಿನ ಸದ್ದು: ಮಾಟುಂಗದ ಒಬ್ಬ ಓಟಗಾರರ ಆರು ತಿಂಗಳು

ಮುಂಬೈಯ ಹಾಫ್ ಮ್ಯಾರಥಾನಿನಲ್ಲಿ, ಅಂದರೆ 21.1 ಕಿಲೋಮೀಟರಿನ ಓಟದಲ್ಲಿ, ಅಣ್ಣನ ಸಮಯ ಮೂರು ವರ್ಷದಿಂದ ಅಲ್ಲೇ ನಿಂತಿತ್ತು. ಒಂದು ಜನವರಿ 2 ಗಂಟೆ 7 ನಿಮಿಷ, ಮರುವರ್ಷ 2 ಗಂಟೆ 8, ಅದರ ಮರುವರ್ಷ ಮತ್ತೆ 2 ಗಂಟೆ 7. ಮೂರು ಸಲವೂ ಒಂದೇ ಕಥೆ. ಮಾಹಿಮ್‌ನಿಂದ ಚೆನ್ನಾಗಿ ಹೊರಡುತ್ತಿದ್ದರು, ಸಮುದ್ರದ ಮೇಲಿನ ಸೀ ಲಿಂಕ್ ಸೇತುವೆ ಆರಾಮಾಗಿ ದಾಟುತ್ತಿದ್ದರು. ಪೆಡ್ಡರ್ ರೋಡ್ ಏರು ಮುಗಿದ ಮೇಲೆ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಬಿಗಿಯುತ್ತಿತ್ತು. ಮರೀನ್ ಡ್ರೈವ್‌ನಲ್ಲಿ ಅರ್ಧ ಓಟ, ಅರ್ಧ ನಡಿಗೆ.

ಹೆಸರು ಹಾಕಬೇಡ ಎಂದು ಅವರು ಕೇಳಿಕೊಂಡಿದ್ದಾರೆ, ಹಾಗಾಗಿ ಇಲ್ಲಿ ಅಣ್ಣ ಎಂದೇ ಕರೆಯುತ್ತೇನೆ. ಕುಂದಾಪುರದ ಕಡೆಯವರು, ವಯಸ್ಸು 44. ಹದಿನೆಂಟಕ್ಕೆ ಮುಂಬೈಗೆ ಬಂದು, ಟೇಬಲ್ ಒರೆಸಿ, ಈಗ ಮಾಟುಂಗದಲ್ಲಿ ಸ್ವಂತ ಸಣ್ಣ ಹೋಟೆಲ್ ನಡೆಸುತ್ತಾರೆ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆಯಬೇಕು. ಅದಕ್ಕೆ ನಾಲ್ಕೂವರೆಗೆಲ್ಲ ಫೈವ್ ಗಾರ್ಡನ್ಸ್ ಸುತ್ತ ಓಡಿ ಮುಗಿಸುವ ಅಭ್ಯಾಸ. ಸೋಮವಾರ ಹೋಟೆಲಿಗೆ ರಜೆ. ನಮ್ಮ ಪರೀಕ್ಷೆಗಳೆಲ್ಲ ನಡೆದದ್ದು ಸೋಮವಾರಗಳಲ್ಲೇ.

ನಾನು ಶಿವಮೊಗ್ಗದವಳು. ದಾದರ್-ಮಾಟುಂಗ ಕಡೆಯ ಒಂದು ಚಿಕ್ಕ ಗುಂಪಿಗೆ ಓಟದ ತರಬೇತಿ ಕೊಡುತ್ತೇನೆ. ಕಳೆದ ಜುಲೈನಲ್ಲಿ ಅಣ್ಣ ಬಂದು ಕೇಳಿದ್ದು ಒಂದೇ ಮಾತು. "ಇನ್ನೆಷ್ಟ್ ಕಿಲೋಮೀಟರ್ ಜಾಸ್ತಿ ಮಾಡ್ಕ್?" ನಾನು ಮೊದಲು ಎರಡು ವಾರದ ಡೈರಿ ಕೇಳಿದೆ. ವಾರಕ್ಕೆ ಐದು ಓಟ, ಒಟ್ಟು 38 ಕಿಲೋಮೀಟರ್ ಆಸುಪಾಸು. ಅದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ನಿಮಿಷ-ಸೆಕೆಂಡ್. ಕಿಲೋಮೀಟರಿಗೆ 6:15, 6:20, 6:10, 6:18. ಸುಲಭದ ಓಟವೂ ಅದೇ, ಉದ್ದದ ಓಟವೂ ಅದೇ, "ಇವತ್ತು ಜೋರಾಗಿ ಓಡಿದೆ" ಎಂದು ಬರೆದದ್ದೂ ಅದೇ.

ಡೈರಿ ನೋಡಿಯೇ "ಸುಲಭದ ಓಟ ನಿಧಾನ ಮಾಡಿ" ಎಂದು ಹೇಳಿಬಿಡಬಹುದಿತ್ತು. ಆದರೆ ಎಷ್ಟು ನಿಧಾನ? ಮೀನಖಂಡ ಬಿಗಿಯುವುದಕ್ಕೆ ಇದೊಂದೇ ಕಾರಣವಾ? ಪರೀಕ್ಷೆ ಮಾಡದೆ ಹೇಳಿದರೆ ಅದು ನನ್ನ ಅಂದಾಜು ಅಷ್ಟೇ. ಮೂರು ವರ್ಷ ಪ್ರಾಮಾಣಿಕವಾಗಿ ಬೆವರು ಸುರಿಸಿದ ಮನುಷ್ಯನಿಗೆ ಅಂದಾಜು ಕೊಡಲು ನನಗೆ ಮನಸ್ಸಾಗಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಲವತ್ತು ದಾಟಿದವರು ಡಾಕ್ಟರನ್ನು ಕಾಣದೆ ಪೂರ್ತಿ ಜೋರಿನ ಪರೀಕ್ಷೆ ಮಾಡಬಾರದು. ಅಣ್ಣ ಬಿಪಿ, ಇಸಿಜಿ, ರಕ್ತಪರೀಕ್ಷೆ ಎಲ್ಲ ಮಾಡಿಸಿದರು. ಡಾಕ್ಟರ್ ಓಡಬಹುದು ಅಂದ ಮೇಲೇ ನಾವು ಶುರು ಮಾಡಿದ್ದು.

ಮೊದಲ ಪರೀಕ್ಷೆ ವಾಚಿಗೆ

ಆಗಸ್ಟ್‌ನ ಮೊದಲ ಸೋಮವಾರ ಪ್ರಿಯದರ್ಶಿನಿ ಪಾರ್ಕಿಗೆ ಹೋದೆವು. ನೇಪಿಯನ್ ಸೀ ರೋಡ್‌ನಲ್ಲಿ, ಸಮುದ್ರದ ಪಕ್ಕದಲ್ಲೇ 400 ಮೀಟರಿನ ಸಿಂಥೆಟಿಕ್ ಟ್ರ್ಯಾಕ್ ಇದೆ. ರಸ್ತೆಯಲ್ಲಿ ಸಿಗ್ನಲ್, ನಾಯಿ, ಹಾಲಿನ ಗಾಡಿ ಎಲ್ಲ ಅಡ್ಡ ಬರುತ್ತವೆ. ಟ್ರ್ಯಾಕಿನಲ್ಲಿ ಸುತ್ತು ಎಣಿಸಿದರೆ ಸಾಕು, ದೂರದ ಬಗ್ಗೆ ತಕರಾರೇ ಇಲ್ಲ.

ಅಣ್ಣನ ಕೈಯಲ್ಲಿ ಒಳ್ಳೆಯ ವಾಚೇ ಇತ್ತು. ಅದರ ಜೊತೆಗೆ ಎದೆಗೂ ಬಡಿತ ಎಣಿಸುವ ಒಂದು ಪಟ್ಟಿ ಕಟ್ಟಿಸಿದೆ. ಎರಡು ಸುತ್ತು ನಿಧಾನಕ್ಕೆ ಓಡಿಸಿ ನೋಡಿದರೆ ಎದೆಪಟ್ಟಿ 138 ಅನ್ನುತ್ತಿದೆ, ಕೈಯ ವಾಚ್ 164 ಅನ್ನುತ್ತಿದೆ. ನಿಲ್ಲಿಸಿದೆ. ತಕ್ಷಣ ಕತ್ತಿನ ನಾಡಿಯ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿದೆ. 34. ನಾಲ್ಕರಿಂದ ಗುಣಿಸಿದರೆ 136. ಎದೆಪಟ್ಟಿ ಸರಿಯಾಗಿತ್ತು. ಮತ್ತೆ ಓಡಿಸಿ, ಈ ಸಲ ಅವರ ಹೆಜ್ಜೆ ಎಣಿಸಿದೆ. ನಿಮಿಷಕ್ಕೆ 164. ವಾಚ್ ಎದೆಬಡಿತ ಎಂದು ತೋರಿಸುತ್ತಿದ್ದದ್ದು ಅವರ ಹೆಜ್ಜೆಗಳನ್ನು!

ಇದು ಅಪರೂಪವೇನಲ್ಲ. ಮಣಿಕಟ್ಟಿನ ವಾಚ್ ಚರ್ಮದ ಮೇಲೆ ಬೆಳಕು ಬಿಟ್ಟು, ರಕ್ತದ ಏರಿಳಿತ ನೋಡಿ ಬಡಿತ ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲ ಇದ್ದರೆ, ಬೆವರಿದ್ದರೆ, ಕೈ ಬೀಸುವ ತಾಳವನ್ನೇ ಬಡಿತ ಎಂದು ಹಿಡಿದುಬಿಡುತ್ತದೆ. ಅಣ್ಣನ ವಾಚ್ ಇನ್ನೂ ಒಂದು ಕೆಲಸ ಮಾಡಿತ್ತು. ಯಾವುದೋ ಮಳೆಯ ದಿನ 192 ಎಂಬ ತಪ್ಪು ಅಂಕಿ ಹಿಡಿದು, ಅದೇ ಇವರ ಗರಿಷ್ಠ ಬಡಿತ ಎಂದು ತಾನೇ ಬರೆದುಕೊಂಡಿತ್ತು. ಅದರ ಶೇಕಡಾ 80ರವರೆಗೆ, ಅಂದರೆ 153ರವರೆಗೆ ಹಸಿರು ಬಣ್ಣ. ಹಸಿರು ಇದೆಯಲ್ಲ, ಸುಲಭದ ಓಟ ಅಂತ ಅಣ್ಣ ಮೂರು ವರ್ಷ ಅದನ್ನೇ ನಂಬಿದ್ದರು. ಹಸಿರಲ್ಲೇ ಓಡಿ ಓಡಿ ಸುಸ್ತಾಗಿದ್ದರು.

220ರಿಂದ ವಯಸ್ಸು ಕಳೆಯುವ ಸೂತ್ರ ಇದೆಯಲ್ಲ ಎಂದು ನೀವು ಕೇಳಬಹುದು. ಆ ಲೆಕ್ಕದಲ್ಲಿ 176 ಬರುತ್ತದೆ. ಅದು ಸಾವಿರಾರು ಜನರ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಬಡಿತ ಆ ಕಡೆ ಈ ಕಡೆ ಇರುವುದು ತೀರಾ ಸಾಮಾನ್ಯ. ಅದರ ಮೇಲೆ ಒಬ್ಬ ಮನುಷ್ಯನ ಆರು ತಿಂಗಳ ತಾಲೀಮು ಕಟ್ಟಲು ನನಗೆ ಧೈರ್ಯ ಇಲ್ಲ.

ಮೂವತ್ತು ನಿಮಿಷ

ಮುಂದಿನ ಸೋಮವಾರ ನಿಜವಾದ ಪರೀಕ್ಷೆ. ಅಮೆರಿಕದ ಕೋಚ್ ಜೋ ಫ್ರೀಲ್ ಹೇಳಿಕೊಟ್ಟ ಸರಳ ವಿಧಾನ ಇದು. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು, ಒಬ್ಬರೇ, 30 ನಿಮಿಷ ಸಮನಾಗಿ ತಾಳುವಷ್ಟು ಜೋರಾಗಿ ಓಡಬೇಕು. ಕೊನೆಯ 20 ನಿಮಿಷದ ಸರಾಸರಿ ಬಡಿತವೇ ಥ್ರೆಶೋಲ್ಡ್ ಬಡಿತ, ಅಂದರೆ ದೇಹ ದಣಿವನ್ನು ಇನ್ನೂ ಸಂಭಾಳಿಸಬಲ್ಲ ಗಡಿಯ ಹತ್ತಿರದ ಅಂಕಿ. ಲ್ಯಾಬಿನಲ್ಲಿ ಇದನ್ನೇ ಬೆರಳು ಚುಚ್ಚಿ ರಕ್ತದ ಲ್ಯಾಕ್ಟೇಟ್ (ಜೋರಾಗಿ ಓಡಿದಷ್ಟೂ ರಕ್ತದಲ್ಲಿ ಏರುವ ಅಂಶ) ನೋಡಿ ಹೇಳುತ್ತಾರೆ. ಅದು ಇನ್ನೂ ನಿಖರ. ಆದರೆ ನನಗೆ ಬೇಕಾದದ್ದು ಆರು ವಾರಕ್ಕೊಮ್ಮೆ ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆ. ಕೂಪರ್ ಟೆಸ್ಟ್ ಕೂಡ ಒಂದಿದೆ. 1968ರಲ್ಲಿ ಡಾಕ್ಟರ್ ಕೆನೆತ್ ಕೂಪರ್ ಅಮೆರಿಕದ ವಾಯುಪಡೆಗಾಗಿ ಮಾಡಿದ 12 ನಿಮಿಷದ ಓಟ ಅದು. ಆದರೆ ಎರಡು ಗಂಟೆ ಓಡುವವರಿಗೆ 12 ನಿಮಿಷ ತುಂಬಾ ಚಿಕ್ಕದು ಅಂತ ನನ್ನ ಅಭಿಪ್ರಾಯ.

ಅಣ್ಣ ಹದಿನಾಲ್ಕೂವರೆ ಸುತ್ತು ಓಡಿದರು. 5.8 ಕಿಲೋಮೀಟರ್, ಕಿಲೋಮೀಟರಿಗೆ 5:10. ಕೊನೆಯ 20 ನಿಮಿಷದ ಬಡಿತ 161.

ಈ ಅಂಕಿ ಕೈಗೆ ಬಂದಾಗ ನಾನು ಎರಡು ಲೆಕ್ಕ ಹಾಕಿದೆ. ಮೊದಲನೆಯದು ಸುಲಭದ ಓಟದ ಗಡಿ. ಥ್ರೆಶೋಲ್ಡ್‌ನ ಶೇಕಡಾ 85ರಿಂದ 89, ಅಂದರೆ 137ರಿಂದ 143. ಅಣ್ಣ ದಿನವೂ ಓಡುತ್ತಿದ್ದದ್ದು 150-155ರಲ್ಲಿ. ಸುಲಭವೂ ಅಲ್ಲದ, ಜೋರೂ ಅಲ್ಲದ ನಡುವಿನ ಜಾಗ ಅದು. ದಣಿವು ಪೂರ್ತಿ, ಲಾಭ ಅರ್ಧ.

ಎರಡನೆಯ ಲೆಕ್ಕವೇ ಈ ಪ್ರಕರಣದ ತಿರುವು. ಪೀಟರ್ ರೀಗಲ್ ಎಂಬ ಎಂಜಿನಿಯರ್ ಕೊಟ್ಟ ಒಂದು ಸೂತ್ರ ಇದೆ. ಒಂದು ದೂರದ ಸಮಯ ಗೊತ್ತಿದ್ದರೆ ಇನ್ನೊಂದು ದೂರಕ್ಕೆ ಎಷ್ಟಾಗಬಹುದು ಎಂದು ಹೇಳುತ್ತದೆ. ದೂರಗಳ ಅನುಪಾತವನ್ನು 1.06ರ ಘಾತಕ್ಕೆ ಏರಿಸಿ ಸಮಯಕ್ಕೆ ಗುಣಿಸುವುದು, ಅಷ್ಟೇ. 5.8 ಕಿಲೋಮೀಟರಿಗೆ 30 ನಿಮಿಷ ಆದರೆ 21.1ಕ್ಕೆ ಸುಮಾರು 1 ಗಂಟೆ 58 ನಿಮಿಷ. ಅಣ್ಣ ಓಡುತ್ತಿದ್ದದ್ದು 2:07. ಒಂಬತ್ತು ನಿಮಿಷ ಎಲ್ಲಿ ಸೋರಿ ಹೋಗುತ್ತಿತ್ತು?

ಅಣ್ಣನಿಗೆ ದಮ್ಮು ಇತ್ತು. ದಮ್ಮು ಇದ್ದೂ ಕೊನೆಯ ಐದಾರು ಕಿಲೋಮೀಟರಲ್ಲಿ ಏನೋ ಕೈಕೊಡುತ್ತಿತ್ತು. "ಇನ್ನೆಷ್ಟು ಕಿಲೋಮೀಟರ್ ಜಾಸ್ತಿ ಮಾಡಲಿ" ಎಂಬ ಅವರ ಪ್ರಶ್ನೆ ಅಲ್ಲಿಗೆ ಪಕ್ಕಕ್ಕೆ ಸರಿಯಿತು.

ಮಳೆಯಲ್ಲಿ ಕೇಳಿದ ಸದ್ದು

ಆ ದಿನ ಟ್ರ್ಯಾಕ್ ಒದ್ದೆಯಾಗಿತ್ತು. ನಾನು ತಿರುವಿನಲ್ಲಿ ಕೊಡೆ ಹಿಡಿದು ನಿಂತಿದ್ದೆ. ಮೊದಲ ಕೆಲವು ಸುತ್ತು ಹೆಜ್ಜೆಯ ಸದ್ದು ಒಂದೇ ಸಮ: ಚಪ್, ಚಪ್, ಚಪ್, ಚಪ್. ಹತ್ತನೆಯ ಸುತ್ತಿನ ಹೊತ್ತಿಗೆ ಅದು ಬದಲಾಯಿತು. ಚಪ್, ಚಪಾಕ್. ಚಪ್, ಚಪಾಕ್. ಬಲಗಾಲು ಹಗುರ, ಎಡಗಾಲು ಭಾರ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸುತ್ತು ಕೇಳಿದೆ. ಅದೇ.

ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ಎರಡು ಸಲ ತೆಗೆದಿದ್ದೆ, ಎರಡನೇ ನಿಮಿಷದಲ್ಲಿ ಒಮ್ಮೆ, 28ನೇ ನಿಮಿಷದಲ್ಲಿ ಒಮ್ಮೆ. ಪಕ್ಕದಿಂದಲೂ ಹಿಂದಿನಿಂದಲೂ. ಈ ಎರಡು ಸಲ ಅನ್ನುವುದು ತುಂಬಾ ಮುಖ್ಯ. ತಾಜಾ ಇರುವಾಗ ಎಲ್ಲರೂ ಚಂದವಾಗಿಯೇ ಓಡುತ್ತಾರೆ. ಓಟದ ನಿಜವಾದ ರೂಪ ಕಾಣುವುದು ದಣಿದ ಮೇಲೆ. ಎರಡನೇ ನಿಮಿಷದಲ್ಲಿ ಅಣ್ಣನ ಹೆಜ್ಜೆ ನಿಮಿಷಕ್ಕೆ 168, ಪಾದ ಹೆಚ್ಚುಕಡಿಮೆ ಮೊಣಕಾಲಿನ ಕೆಳಗೇ ಬೀಳುತ್ತಿತ್ತು. 28ನೇ ನಿಮಿಷದಲ್ಲಿ 160. ಎಡಪಾದ ಮೊಣಕಾಲಿಗಿಂತ ಒಂದು ಗೇಣು ಮುಂದೆ ಹೋಗಿ ಬೀಳುತ್ತಿತ್ತು. ಪ್ರತಿ ಹೆಜ್ಜೆಗೂ ಸ್ವಲ್ಪ ಬ್ರೇಕ್ ಹಾಕಿದ ಹಾಗೆ. ಹಿಂದಿನಿಂದ ನೋಡಿದರೆ ಎಡಗಾಲ ಮೇಲೆ ಭಾರ ಬಿದ್ದಾಗಲೆಲ್ಲ ಬಲಗಡೆಯ ಸೊಂಟ ಕೆಳಗೆ ಜಾರುತ್ತಿತ್ತು.

ಹಿಮ್ಮಡಿ ಮೊದಲು ನೆಲಕ್ಕೆ ತಾಗುವುದು ತಪ್ಪು ಎಂದು ಎಷ್ಟೋ ಜನ ಹೇಳುತ್ತಾರೆ. ಅಣ್ಣನೂ ಅದನ್ನೇ ಕೇಳಿದರು. ನಾನು ಅದನ್ನು ಮುಟ್ಟಲೇ ಇಲ್ಲ. ದೂರದ ಓಟಗಾರರಲ್ಲಿ ಜಾಸ್ತಿ ಜನ ಹಿಮ್ಮಡಿಯ ಮೇಲೇ ಇಳಿಯುವುದು. ಪಾದದ ಯಾವ ಭಾಗ ಬೀಳುತ್ತದೆ ಅನ್ನುವುದಕ್ಕಿಂತ ಪಾದ ಎಲ್ಲಿ ಬೀಳುತ್ತದೆ ಅನ್ನುವುದು ನನಗೆ ಬೇಕಾಗಿತ್ತು.

ಓಟ ಮುಗಿದು, ಒಂದು ತಾಸು ಕೂತು, ಅವಲಕ್ಕಿ ತಿಂದ ಮೇಲೆ ಗೋಡೆಯ ಪಕ್ಕ ಎರಡು ಸಣ್ಣ ಪರೀಕ್ಷೆ. ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಎರಡು ಸೆಕೆಂಡಿಗೊಂದರಂತೆ, ಎತ್ತರ ಕಡಿಮೆ ಆಗುವ ತನಕ. ಬಲಗಾಲು 24. ಎಡಗಾಲು 13ಕ್ಕೆ ನಡುಗಿ ನಿಂತಿತು. ಇನ್ನೊಂದು, ಹಿಮ್ಮಡಿ ನೆಲ ಬಿಡದ ಹಾಗೆ ಮೊಣಕಾಲನ್ನು ಗೋಡೆಗೆ ತಾಗಿಸುವುದು. ಗೋಡೆಯಿಂದ ಹೆಬ್ಬೆರಳಿಗೆ ಇರುವ ದೂರ ಅಳೆದರೆ ಪಾದದ ಕೀಲು ಎಷ್ಟು ಬಾಗುತ್ತದೆ ಎಂದು ಗೊತ್ತಾಗುತ್ತದೆ. ಬಲಕ್ಕೆ 11 ಸೆಂಟಿಮೀಟರ್, ಎಡಕ್ಕೆ 7.

"ಎಡಗಾಲು ಯಾವಾಗಾದ್ರೂ ಉಳುಕಿತ್ತಾ ಅಣ್ಣ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. ಹತ್ತು ವರ್ಷದ ಹಿಂದೆ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿದ್ದು ನೆನಪಾಯಿತು. ಎರಡು ದಿನ ಬ್ಯಾಂಡೇಜ್ ಕಟ್ಟಿ ಮೂರನೇ ದಿನ ಕೆಲಸಕ್ಕೆ ನಿಂತಿದ್ದರಂತೆ.

ಇಷ್ಟಾದರೂ ನನಗೆ ಸಮಾಧಾನ ಆಗಲಿಲ್ಲ. ಹತ್ತು ವರ್ಷದ ಹಿಂದಿನ ಉಳುಕು ಈಗಲೂ ಅರ್ಧ ಬಲ ಯಾಕೆ ಕಸಿಯಬೇಕು? ಗುರುವಾರ ಮಧ್ಯಾಹ್ನ ಹೋಟೆಲಿಗೆ ಊಟಕ್ಕೆ ಹೋದೆ. ಮೂಲೆಯ ಟೇಬಲ್ಲಿನಿಂದ ಗಲ್ಲಾ ಚೆನ್ನಾಗಿ ಕಾಣುತ್ತದೆ. ಅಣ್ಣ ನಿಂತೇ ಇರುತ್ತಾರೆ, ಕೂರುವವರಲ್ಲ. ಗಲ್ಲಾದ ಹಿಂದೆ ಒಂದು ಕಬ್ಬಿಣದ ಸ್ಟೂಲ್. ಅದರ ಕೆಳಗಿನ ಅಡ್ಡಪಟ್ಟಿಯ ಮೇಲೆ ಎಡಪಾದ ಇಟ್ಟು, ಪೂರ್ತಿ ಭಾರ ಬಲಗಾಲ ಮೇಲೆ. ಚಿಲ್ಲರೆ ಕೊಡುವಾಗಲೂ ಹಾಗೇ, ಫೋನ್ ಎತ್ತುವಾಗಲೂ ಹಾಗೇ. ನಾನು ಅನ್ನ-ಸಾರು ಮುಗಿಸಿ ಮಜ್ಜಿಗೆ ಕುಡಿಯುವ ತನಕ, ಇಪ್ಪತ್ತು ನಿಮಿಷ, ಎಡಪಾದ ನೆಲ ಮುಟ್ಟಿದ್ದು ಎರಡೇ ಸಲ. ಅಡ್ಡಪಟ್ಟಿಯ ಬಣ್ಣ ಅವರ ಚಪ್ಪಲಿ ತಾಗುವ ಜಾಗದಲ್ಲಿ ಮಾತ್ರ ಸವೆದು ಬೆಳ್ಳಗಾಗಿತ್ತು. ದಿನಕ್ಕೆ ಹತ್ತು ತಾಸು, ಎಷ್ಟೋ ವರ್ಷ. ನೋವಿದ್ದ ಕಾಲಿಗೆ ವಿಶ್ರಾಂತಿ ಕೊಟ್ಟ ಅಭ್ಯಾಸ, ನೋವು ಹೋದ ಮೇಲೂ ಉಳಿದುಕೊಂಡಿತ್ತು.

ಈ ಸ್ಟೂಲ್ ಯಾವ ಲ್ಯಾಬಿನ ವರದಿಯಲ್ಲೂ ಬರುತ್ತಿರಲಿಲ್ಲ. ಓಟಗಾರರನ್ನು ಪರೀಕ್ಷಿಸುವ ಎಲ್ಲರಿಗೂ ನಾನು ಕೈಮುಗಿದು ಕೇಳುವುದು ಇದೇ: ಅವರು ಓಡದೆ ಇರುವ ಇಪ್ಪತ್ತಮೂರು ತಾಸನ್ನೂ ಒಮ್ಮೆ ನೋಡಿ.

ಬದಲಾಯಿಸಿದ್ದು ಏನು

ಕಿಲೋಮೀಟರ್ ಹೆಚ್ಚಿಸಲಿಲ್ಲ. ವಾರದ ಐದು ಓಟದಲ್ಲಿ ನಾಲ್ಕು 143ರ ಒಳಗೆ, ಎದೆಪಟ್ಟಿ ಕಟ್ಟಿಕೊಂಡು. ಒಂದು ಮಾತ್ರ ಜೋರು: ಎಂಟೆಂಟು ನಿಮಿಷದ ಮೂರು ತುಂಡು, ಬಡಿತ 158-162, ನಡುವೆ ಎರಡು ನಿಮಿಷ ಜಾಗ್. 143ರ ಒಳಗೆ ಇರಬೇಕಾದರೆ ಅಣ್ಣನ ಪೇಸ್ 7:10ಕ್ಕೆ ಇಳಿಯಿತು. ಅವರಿಗೆ ಬಹಳ ಬೇಜಾರಾಯಿತು. "ಅಲ್ಲ ಮಾರಾಯ್ತಿ, ಇಷ್ಟ್ ನಿಧಾನ ಓಡುಕೆ ಆತ್ತಾ? ಗುರ್ತದವ್ರ್ ಎಲ್ಲ ಕಾಂತ್ರ್." ಪರಿಚಯದವರು ನೋಡುತ್ತಾರೆ ಎಂಬ ಸಂಕೋಚ ಸಣ್ಣದಲ್ಲ. ಫೈವ್ ಗಾರ್ಡನ್ಸ್‌ನಲ್ಲಿ ಅವರನ್ನು ಹಿಂದೆ ಹಾಕಿ ಹೋಗುವವರೆಲ್ಲ ಅವರ ಗಿರಾಕಿಗಳೇ. ಮೊದಲ ಎರಡು ವಾರ ನಾನೂ ಜೊತೆಗೆ ಓಡಿದೆ, ಕುಂದಾಪುರದ ಕಥೆ ಕೇಳುತ್ತಾ. ಮಾತಾಡುತ್ತಾ ಓಡಲು ಆಗುತ್ತಿದೆ ಅಂದರೆ ವೇಗ ಸರಿಯಾಗಿದೆ ಅಂತ ಅರ್ಥ. ಅದೂ ಒಂದು ಪರೀಕ್ಷೆಯೇ, ದುಡ್ಡಿಲ್ಲದ್ದು.

ವಾರಕ್ಕೆ ಮೂರು ದಿನ ಹಿಮ್ಮಡಿ ಎತ್ತುವ ವ್ಯಾಯಾಮ. ಮೊಣಕಾಲು ನೇರ ಇಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ. ಬಗ್ಗಿಸಿದಾಗ ಮೀನಖಂಡದ ಒಳಗಿನ ಸ್ನಾಯುವಿಗೆ ಕೆಲಸ ಜಾಸ್ತಿ, ದೂರದ ಓಟದಲ್ಲಿ ಭಾರ ಹೊರುವುದು ಅದೇ. ನಾಲ್ಕನೇ ವಾರದಿಂದ ಬೆನ್ನಿನ ಚೀಲದಲ್ಲಿ ಐದು ಕಿಲೋ ಅಕ್ಕಿ. ಗಲ್ಲಾದ ಹಿಂದಿನ ಸ್ಟೂಲ್ ಗೋದಾಮಿಗೆ ಹೋಯಿತು.

ಹೆಜ್ಜೆಯ ವಿಷಯದಲ್ಲಿ ಎಚ್ಚರ ಬೇಕಿತ್ತು. ನಿಮಿಷಕ್ಕೆ 180 ಹೆಜ್ಜೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೋಚ್ ಜಾಕ್ ಡೇನಿಯಲ್ಸ್ ಓಟಗಾರರ ಹೆಜ್ಜೆ ಎಣಿಸಿದಾಗ ಹೆಚ್ಚುಕಡಿಮೆ ಎಲ್ಲರೂ 180 ಅಥವಾ ಅದಕ್ಕಿಂತ ಜಾಸ್ತಿ ಇದ್ದರು. ಅವರು ಒಲಿಂಪಿಕ್ಸ್ ರೇಸಿನಲ್ಲಿದ್ದವರು. 7:10 ಪೇಸಿನಲ್ಲಿ ಓಡುವ ಅಣ್ಣನಿಗೆ ಆ ಅಂಕಿ ಹೊಂದುವುದಿಲ್ಲ. 2011ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧಕರು ತೋರಿಸಿದ್ದು ಬೇರೆ. ತಮ್ಮದೇ ಹೆಜ್ಜೆಗೆ ಶೇಕಡಾ 5ರಿಂದ 10 ಸೇರಿಸಿದರೆ ಮೊಣಕಾಲು ಮತ್ತು ಸೊಂಟದ ಮೇಲಿನ ಹೊರೆ ಇಳಿಯುತ್ತದೆ. ನಾನು 5 ಮಾತ್ರ ಇಟ್ಟುಕೊಂಡೆ. ದಣಿದಾಗಿನ 160ಕ್ಕೆ ಎಂಟು ಸೇರಿಸಿ 168. ಅದೂ ಐದು ನಿಮಿಷಕ್ಕೆ ಒಂದು ನಿಮಿಷ, ಫೋನಿನ ತಾಳಕ್ಕೆ.

ಇಲ್ಲಿ ನನ್ನಿಂದ ತಪ್ಪಾಯಿತು. ಇಷ್ಟನ್ನೂ ಒಂದೇ ದಿನ ಹೇಳಿದೆ. ಮೂರನೇ ವಾರ ಅಣ್ಣ ಹುರುಪಿನಲ್ಲಿ 12 ಕಿಲೋಮೀಟರ್ ಪೂರ್ತಿ 168ರ ತಾಳಕ್ಕೆ ಓಡಿದರು. ಹೆಜ್ಜೆ ಚಿಕ್ಕದಾದರೆ ಮೊಣಕಾಲಿಗೆ ಹಗುರ, ಆದರೆ ಹೊಸ ತಾಳದ ಕೆಲಸ ಮೊದಲೇ ಸೋತಿದ್ದ ಎಡ ಮೀನಖಂಡದ ಮೇಲೆ ಬಿತ್ತು. ಮರುದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಐದು ದಿನ ಓಟ ಬಂದ್. ಒಂದೊಂದೇ ಬದಲಾವಣೆ, ಎರಡು ವಾರಕ್ಕೊಂದು ಎಂದು ಕೊಟ್ಟಿದ್ದರೆ ಆ ನೋವು ಬರುತ್ತಿರಲಿಲ್ಲ. ಆಮೇಲೆ ಯಾರಿಗೂ ನಾನು ಹಾಗೆ ಮಾಡಿಲ್ಲ.

ಸೆಪ್ಟೆಂಬರ್, ಡಿಸೆಂಬರ್

ನಡುವೆ ಗಣಪತಿ ಬಂತು. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಗಣಪತಿ ಐದು ದಿನ, ಹೋಟೆಲಿನಲ್ಲಿ ಕಾಲಿಡಲು ಜಾಗ ಇಲ್ಲ. ಆ ವಾರ ಓಟ ಬೇಡ ಅಂದೆ. ಅಷ್ಟು ನಿಂತದ್ದೇ ಸಾಕು.

ಸೆಪ್ಟೆಂಬರ್ ಕೊನೆಯ ಸೋಮವಾರ ಮರುಪರೀಕ್ಷೆ. ಅದೇ ಟ್ರ್ಯಾಕ್, ಅದೇ ಹೊತ್ತು, ಅದೇ ಶೂ, ಹಿಂದಿನ ರಾತ್ರಿ ಅದೇ ಗಂಜಿ ಊಟ. 30 ನಿಮಿಷಕ್ಕೆ 5.85 ಕಿಲೋಮೀಟರ್. ಬರೀ 50 ಮೀಟರ್ ಜಾಸ್ತಿ. ಅಣ್ಣನ ಮುಖ ಬಾಡಿತು. 50 ಮೀಟರ್ ಅಂದರೆ ಒಂದು ದಿನದ ನಿದ್ದೆಯ ವ್ಯತ್ಯಾಸ, ಅದನ್ನು ಪ್ರಗತಿ ಎಂದು ಹೇಳಿ ಸಮಾಧಾನ ಮಾಡಲು ನಾನು ಹೋಗಲಿಲ್ಲ. ಬೇರೆ ಅಂಕಿಗಳನ್ನು ತೋರಿಸಿದೆ. ಎಡ ಹಿಮ್ಮಡಿ 13ರಿಂದ 19. 140ರ ಬಡಿತದಲ್ಲಿ ಪೇಸ್ 7:10ರಿಂದ 6:50. 28ನೇ ನಿಮಿಷದ ಹೆಜ್ಜೆ 160ರಿಂದ 164.

ಇನ್ನೊಂದು ಪರೀಕ್ಷೆಯೂ ಇತ್ತು. 75 ನಿಮಿಷ ಒಂದೇ ವೇಗದಲ್ಲಿ, 6:20ರಲ್ಲಿ ಓಡಿ, ಮೊದಲರ್ಧದ ಬಡಿತಕ್ಕೂ ಎರಡನೇ ಅರ್ಧದ ಬಡಿತಕ್ಕೂ ಎಷ್ಟು ಅಂತರ ಎಂದು ನೋಡುವುದು. ಶೇಕಡಾ 5ರ ಒಳಗಿದ್ದರೆ ಆ ವೇಗಕ್ಕೆ ದಮ್ಮು ಸಾಕು ಎಂದು ಲೆಕ್ಕ. ಆಗಸ್ಟ್‌ನಲ್ಲಿ 148ರಿಂದ 160, ಅಂದರೆ 8. ಸೆಪ್ಟೆಂಬರ್‌ನಲ್ಲಿ 144ರಿಂದ 153, ಅಂದರೆ 6 ಚಿಲ್ಲರೆ. ಡಿಸೆಂಬರ್‌ನಲ್ಲಿ 4ಕ್ಕೆ ಇಳಿಯಿತು. ಆದರೆ ಡಿಸೆಂಬರ್ ಅಂಕಿಯನ್ನು ನಾನು ಜಾಸ್ತಿ ನಂಬುವುದಿಲ್ಲ. ಮುಂಬೈಯ ಆಗಸ್ಟ್ ಗಾಳಿಯಲ್ಲಿ ಬೆವರು ಒಣಗುವುದೇ ಇಲ್ಲ, ಮೈ ತಂಪಾಗಲು ಹೃದಯ ಹೆಚ್ಚು ದುಡಿಯಬೇಕು. ಡಿಸೆಂಬರ್ ಬೆಳಿಗ್ಗೆ ಯಾರ ಬಡಿತವಾದರೂ ಇಳಿಯುತ್ತದೆ. ಹವೆ ಕೊಟ್ಟದ್ದನ್ನು ತಾಲೀಮಿನ ಲೆಕ್ಕಕ್ಕೆ ಬರೆಯಬಾರದು, ಅಲ್ವಾ? ನಾನು ನೆಚ್ಚಿಕೊಂಡದ್ದು ಆಗಸ್ಟ್-ಸೆಪ್ಟೆಂಬರ್ ಜೋಡಿಯನ್ನು.

ಸೆಪ್ಟೆಂಬರ್ ಪರೀಕ್ಷೆ ಮುಂದಿನ ದಾರಿ ತೋರಿಸಿತು. ಕಾಲು ತಯಾರಾಗುತ್ತಿತ್ತು, ಉದ್ದದ ಓಟ ಈಗ ಬೆಳೆಸಬಹುದಿತ್ತು. ಭಾನುವಾರದ ಓಟ 13ರಿಂದ ಮೆಲ್ಲಗೆ 18 ಕಿಲೋಮೀಟರಿಗೆ ಹೋಯಿತು. ಕೊನೆಯ ಮೂರು ಕಿಲೋಮೀಟರ್ 168ರ ತಾಳದಲ್ಲಿ, ದಣಿದ ಕಾಲಿಗೆ.

ಡಿಸೆಂಬರ್ ನಡುವಿನ ಸೋಮವಾರ 15 ಸುತ್ತು, ಸರಿಯಾಗಿ 6 ಕಿಲೋಮೀಟರ್. ಎಡ ಹಿಮ್ಮಡಿ 23. ಗೋಡೆಯ ಅಳತೆ 9 ಸೆಂಟಿಮೀಟರ್. ತಂಪು ಹವೆಯ ಪಾಲು ಇದರಲ್ಲೂ ಇದೆ. ಆದರೆ 28ನೇ ನಿಮಿಷದ ವಿಡಿಯೊದಲ್ಲಿ ಎಡಪಾದ ಮೊಣಕಾಲಿನ ಕೆಳಗೇ ಬೀಳುತ್ತಿತ್ತು. ಅದನ್ನು ಹವೆ ಮಾಡಿಕೊಡುವುದಿಲ್ಲ. ಆ ವಿಡಿಯೊವನ್ನು ಅಣ್ಣ ತಮ್ಮ ಹುಡುಗರಿಗೆಲ್ಲ ತೋರಿಸಿದರಂತೆ.

ರೀಗಲ್ ಲೆಕ್ಕದಲ್ಲಿ 1 ಗಂಟೆ 54 ಬರುತ್ತಿತ್ತು. ಅಷ್ಟಕ್ಕೆ ಹೊರಡುವುದು ಬೇಡ ಅಂದೆ. ಸೂತ್ರಕ್ಕೆ ಪೆಡ್ಡರ್ ರೋಡ್ ಗೊತ್ತಿಲ್ಲ. ಕಿಲೋಮೀಟರಿಗೆ 5:35, ಸೀ ಲಿಂಕ್ ಮುಗಿಯುವ ತನಕ ಬಡಿತ 156 ದಾಟಬಾರದು, ಏರಿನಲ್ಲಿ ಪೇಸ್ ನೋಡಲೇಬಾರದು.

ಜನವರಿಯ ಆ ಭಾನುವಾರ ನಾನು ಪೆಡ್ಡರ್ ರೋಡ್ ಇಳಿದು ಚೌಪಾಟಿಗೆ ತಿರುಗುವ ಕಡೆ ನಿಂತಿದ್ದೆ. ಇನ್ನೂ ಕತ್ತಲು. ಜನ ತಟ್ಟೆ ಬಡಿಯುತ್ತಿದ್ದರು, ಎಲ್ಲೋ ಡೋಲು. ಹೆಜ್ಜೆಯ ಸದ್ದು ಕೇಳುವ ಮಾತೇ ಇಲ್ಲ. ಅಣ್ಣ ಕಂಡರು, ನನ್ನನ್ನು ನೋಡಲಿಲ್ಲ. ಸೊಂಟ ನೋಡಿದೆ, ಮಟ್ಟಸ. ಎಡಪಾದ ನೋಡಿದೆ, ಕೆಳಗೇ. 1 ಗಂಟೆ 57 ನಿಮಿಷ 48 ಸೆಕೆಂಡ್. ಮರೀನ್ ಡ್ರೈವ್‌ನಲ್ಲಿ ನಡೆಯಲಿಲ್ಲ.

ಮರುದಿನ ಸೋಮವಾರ, ರಜೆ. ಮಂಗಳವಾರ ಕಾಫಿಗೆ ಹೋದಾಗ ಗಲ್ಲಾದ ಹಿಂದೆ ಅಣ್ಣ ಎರಡೂ ಪಾದ ಊರಿ ನಿಂತಿದ್ದರು, ಸ್ವಲ್ಪ ಕುಂಟುತ್ತಾ, ರೇಸಿನ ನೋವಿಗೆ. ಎಡ-ಬಲದ ನಡುವೆ ಇನ್ನೂ ಎರಡು ಸೆಂಟಿಮೀಟರ್ ಬಾಕಿ ಇದೆ ಎಂದು ನೆನಪಿಸಿದೆ. ಮುಂದಿನ ಪರೀಕ್ಷೆಯನ್ನು ಫೆಬ್ರವರಿಯ ಎರಡನೇ ಸೋಮವಾರಕ್ಕೆ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡರು.